ಸೆರೆಯೂ ಬಿಡುಗಡೆಯೂ: ಇಥಿಯೋಪಿಯಾ ದೇಶದ ಕೆಲವರು ಮಹನೀಯರು

ಒಂದು ದೇಶದ ಹಿರಿಮೆಯನ್ನು ಅಳೆಯಹೊರಟವರು, ಆ ದೇಶವು ಪರರಿಗೆ ತಲೆವಾಗದೆ ಎಷ್ಟು ಕಾಲ ನಿಂತಿತೆಂಬುದನ್ನು ಮೊದಲು ಕೇಳುವುದು ವಾಡಿಕೆ. ಪ್ರಶ್ನೆಯು ಯುಕ್ತವಾದುದೇ ಸರಿ. ಆದರೆ ಅದರ ಬೆನ್ನಿಗೇ ಕೇಳತಕ್ಕ ಮತ್ತೊಂದು ಪ್ರಶ್ನೆಯುಂಟು. ಹಾಗೆ ತಲೆಯೆತ್ತಿ ನಿಂತ ಕಾಲದಲ್ಲಿ ಆ ದೇಶವು ತನ್ನ ಮಕ್ಕಳನ್ನು ಯಾವ ರೀತಿಯಿಂದ ನಡೆಸಿಕೊಂಡಿತು? ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿ ವಿಚಾರಮಾಡುವುದಕ್ಕೆ ಆಫ್ರಿಕಾ ಖಂಡದ ಇಥಿಯೋಪಿಯಾ ದೇಶದ ಚರಿತ್ರೆಯು ಬಹಳ ಅನುಕೂಲವಾಗಿರುವುದು. ಆದಕಾರಣ ಆ ದೇಶದಲ್ಲಿ ಹುಟ್ಟಿದ ಕೆಲವರು ಮಹನೀಯರ ವೃತ್ತಾಂತವನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದೆ.

ಈ ದೇಶವನ್ನು ನಮ್ಮ ಹಿರಿಯರು ಅಬಿಸೀನಿಯಾ ಎಂದು ಭೂಗೋಳದಲ್ಲಿ ಓದುತ್ತಿದ್ದರು. ಅರಬರು ಇದನ್ನು ಹಬಶ್ ಎಂದು ಕರೆದರು. ನಮ್ಮ ದಕ್ಷಿಣಾಪಥದ ಇತಿಹಾಸದಲ್ಲಿ ಮೇಲಿಂದಮೇಲೆ ಕಾಣಬರುವ ಹಬಶಿ ಎಂಬ ಶಬ್ದವು ಅದರಿಂದಲೇ ಬಂದುದು. ದೇಶದ ಬಹುಭಾಗವು ಎತ್ತರವಾದ ಪ್ರಸ್ಥಭೂಮಿ. ತಾನಾ ಎಂಬ ಸರೋವರದಿಂದ ಹೊರಟ ನೀಲಿ ನೈಲ್ ನದಿಯೂ ಅದರ ಒಡಹುಟ್ಟಿದ ಹೊಳೆಗಳೂ ಈ ಭೂಮಿಯನ್ನು ಆಳವಾಗಿ ಕೊರೆದು ಕಮರಿಗಳನ್ನು ಮಾಡಿವೆ. ಹೊರಗಿನ ದಂಡು ಹತ್ತಿಬರುವುದು ಕಷ್ಟ. ಒಳಗಿನ ಅರಸನ ಆಜ್ಞೆ ಎಲ್ಲೆಡೆಗೂ ಮುಟ್ಟುವುದೂ ಅಷ್ಟೇ ಕಷ್ಟ. ಆ ದೇಶದ ಸ್ವಾತಂತ್ರ್ಯಕ್ಕೂ ಅಂತಃಕಲಹಕ್ಕೂ ಈ ಗಿರಿದುರ್ಗಗಳೇ ಕಾರಣವಾದುವೆನ್ನಬಹುದು.

೧

ಕ್ರಿಸ್ತಶಕದ 4ನೆಯ ಶತಮಾನದಲ್ಲಿ ಉತ್ತರಭಾಗದ ಅಕ್ಸೂಮ್ ನಗರದಲ್ಲಿ ಎಜಾನಾ ಎಂಬ ದೊರೆಯು ಆಳುತ್ತಿದ್ದನು. ಅವನ ರಾಜ್ಯವು ಕೆಂಪು ಸಮುದ್ರದ ವ್ಯಾಪಾರದಿಂದ ಸಂಪನ್ನವಾಗಿದ್ದಿತು. ಚಿನ್ನದ ನಾಣ್ಯಗಳನ್ನು ಅಚ್ಚುಹಾಕಿಸುತ್ತಿದ್ದಿತು. ಎಜಾನನ ಮೊದಲಿನ ನಾಣ್ಯಗಳಲ್ಲಿ ಅರ್ಧಚಂದ್ರನೂ ಬಿಂಬವೂ ಇದ್ದು, ಮುಂದಿನವುಗಳಲ್ಲಿ ಕ್ರೈಸ್ತರ ಶಿಲುಬೆಯು ಬಂದಿರುವುದರಿಂದ, ಅವನು ನಡುವೆ ಮತಾಂತರ ಹೊಂದಿದನೆಂಬುದು ನಾಣ್ಯಗಳಿಂದಲೇ ಸ್ಪಷ್ಟವಾಗುವುದು. ಈ ಮತವನ್ನು ಆ ದೇಶಕ್ಕೆ ತಂದವನು ಫ್ರುಮೆಂಟಿಯಸ್. ಪ್ರಾಚೀನ ಚರಿತ್ರಕಾರನೊಬ್ಬನು ಬರೆದಿಟ್ಟಿರುವ ಪ್ರಕಾರ, ಇವನು ಟೈರ್ ಪಟ್ಟಣದ ಹುಡುಗ. ಹಡಗಿನಲ್ಲಿ ಹೋಗುತ್ತಿದ್ದಾಗ ಕರಾವಳಿಯ ಜನರು ಹಡಗಿನವರನ್ನು ಕೊಂದು ಇವನನ್ನು ಸೆರೆಹಿಡಿದು ಅರಮನೆಗೆ ಒಪ್ಪಿಸಿದರು. ಸೆರೆಯಾಳಾಗಿ ಬಂದವನು ಅರಸನ ವಿಶ್ವಾಸಕ್ಕೆ ಪಾತ್ರನಾಗಿ, ರಾಜಕುಮಾರನ ಬೆಳವಣಿಗೆಯಲ್ಲಿ ಕೈಯಿಟ್ಟು, ಬಿಡುಗಡೆ ದೊರೆತ ಮೇಲೆ ಅಲೆಕ್ಸಾಂಡ್ರಿಯದ ಧರ್ಮಗುರುವಿನಿಂದ ದೀಕ್ಷೆ ಪಡೆದು ಆ ದೇಶದ ಮೊದಲನೆಯ ಬಿಷಪ್ಪನಾದನು.

ಎಜಾನನ ಶಾಸನಗಳು ಗ್ರೀಕ್ ಭಾಷೆಯಲ್ಲಿಯೂ ಅವರದೇ ಆದ ಗೀಜ್ ಭಾಷೆಯಲ್ಲಿಯೂ ಇರುವುವು. ಗೀಜ್ ಇಂದು ಯಾರ ಮನೆಮಾತೂ ಅಲ್ಲ. ನಮ್ಮಲ್ಲಿ ಸಂಸ್ಕೃತವು ಹೇಗೋ ಹಾಗೆ ಅಲ್ಲಿ ಅದು ಪೂಜೆ ಪಾರಾಯಣಗಳಲ್ಲಿ ಉಳಿದಿದೆ. ಅದರ ಲಿಪಿಯನ್ನು ಕಂಡ ಕನ್ನಡಿಗನಿಗೆ ಆಶ್ಚರ್ಯವಾಗದಿರದು. 26 ವ್ಯಂಜನಗಳು, ಪ್ರತಿಯೊಂದಕ್ಕೂ ಸ್ವರಭೇದದಿಂದ 7 ರೂಪಗಳು, ಮಕ್ಕಳು ಅವನ್ನು ಸಾಲಾಗಿ ಬಾಯಿಪಾಠ ಮಾಡುವರು. ಇದು ನಮ್ಮ ಕಾಗುಣಿತವೇ ಅಲ್ಲವೆ? ಮೊದಲು ಬರಿಯ ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದ ಈ ಲಿಪಿಗೆ ಸ್ವರಚಿಹ್ನೆಗಳು ಸೇರಿದುದು ಎಜಾನನ ಕಾಲದ ಸುಮಾರಿಗೆ. ಭಾರತದ ವರ್ತಕರ ಸಹವಾಸದಿಂದ ಈ ಪದ್ಧತಿಯು ಬಂದಿರಬಹುದೆಂದು ಕೆಲವರು ವಿದ್ವಾಂಸರು ಊಹಿಸಿರುವರು. ಅದು ಇನ್ನೂ ಸಿದ್ಧಾಂತವಾಗಿಲ್ಲ. ಆದರೆ ಸಹವಾಸವಿದ್ದುದು ಮಾತ್ರ ನಿಶ್ಚಯ. ದೆಬ್ರೆ ದಾಮೋ ಎಂಬ ಬೆಟ್ಟದ ಮಠದ ಬಳಿ 1940ರಲ್ಲಿ ನಮ್ಮ ಕುಶಾನ ದೊರೆಗಳ ಚಿನ್ನದ ನಾಣ್ಯಗಳು ನೂರಕ್ಕೆ ಮೇಲ್ಪಟ್ಟು ದೊರೆತುವು.

೨

12ನೆಯ ಶತಮಾನದ ಕೊನೆಯಲ್ಲಿಯೂ 13ನೆಯದರ ಮೊದಲಲ್ಲಿಯೂ ಆಳಿದ ಲಾಲಿಬೆಲಾ ಎಂಬ ದೊರೆಯ ಹೆಸರು ಕಲ್ಲಿನಲ್ಲಿ ನಿಂತಿರುವುದು. ಅವನ ಹೆಸರನ್ನೇ ಹೊತ್ತ ಊರಿನಲ್ಲಿ ಇಡಿಯ ಬಂಡೆಯನ್ನು ಕೊರೆದು ಮಾಡಿದ 11 ಇಗರ್ಜಿಗಳಿವೆ. ಅವುಗಳಲ್ಲಿ ಜಾರ್ಜ್ ಸಂತನ ಗುಡಿಯು ನೆಲದ ಮಟ್ಟಕ್ಕಿಂತ ಮೇಲೇಳದೆ, ಶಿಲುಬೆಯ ಆಕಾರದಲ್ಲಿ ಆಳದ ಗುಂಡಿಯೊಳಗೆ ನಿಂತಿದೆ. ಜೆರೂಸಲೇಮಿನ ಯಾತ್ರೆಯು ದುರ್ಲಭವಾದ ಕಾಲದಲ್ಲಿ ತನ್ನ ನಾಡಿನಲ್ಲಿಯೇ ಇನ್ನೊಂದು ಜೆರೂಸಲೇಮನ್ನು ನಿರ್ಮಿಸಬೇಕೆಂದು ದೊರೆಯು ಸಂಕಲ್ಪಿಸಿದನೆಂದು ಐತಿಹ್ಯ; ಅಲ್ಲಿಯ ತೊರೆಗೆ ಜೋರ್ಡಾನ್ ಎಂದು ಹೆಸರು. ಕೆಲಸವೆಲ್ಲವೂ ಒಬ್ಬ ದೊರೆಯ ಕಾಲದಲ್ಲಿಯೇ ಮುಗಿಯಿತೆಂದು ಪಂಡಿತರು ಒಪ್ಪುವುದಿಲ್ಲ. ಶಿಖರದಿಂದ ಕೆಳಕ್ಕೆ ಕೊರೆಯುತ್ತ ಬಂದ ಈ ಪದ್ಧತಿಯನ್ನು ಓದುವಾಗ, ನಮ್ಮ ರಾಷ್ಟ್ರಕೂಟ ಕೃಷ್ಣನು 8ನೆಯ ಶತಮಾನದಲ್ಲಿ ಎಲ್ಲೋರದಲ್ಲಿ ಮಾಡಿಸಿದ ಕೈಲಾಸವು ನೆನಪಿಗೆ ಬಾರದಿರದು. ಎರಡು ನಾಡಿನ ಶಿಲ್ಪಿಗಳೂ ಪರಸ್ಪರರನ್ನು ಅರಿಯರು. ಬಂಡೆಯೊಳಗೆ ದೇವರ ಮನೆಯು ಮೊದಲೇ ಇದೆ, ಮೇಲಿನ ಕಲ್ಲನ್ನು ತೆಗೆದರೆ ಸಾಕೆಂಬ ಭಾವನೆ ಮಾತ್ರ ಇಬ್ಬರಿಗೂ ಬಂದಿತು.

೩

ಎಲ್ಲೋರದ ಹೆಸರನ್ನೆತ್ತಿದುದಕ್ಕೆ ಇನ್ನೊಂದು ಕಾರಣವುಂಟು. ಅಲ್ಲಿಗೆ ಒಂದೆರಡು ಹರಿದಾರಿಯ ದೂರದ ಖುಲ್ದಾಬಾದಿನಲ್ಲಿ ಇಥಿಯೋಪಿಯದ ಒಬ್ಬ ಮಗನ ಗೋರಿಯಿರುವುದು. ಅವನೇ ಮಲಿಕ್ ಅಂಬರ್.

ಇವನು ಸುಮಾರು 1548ರಲ್ಲಿ ಹುಟ್ಟಿದನು. ತಾಯಿತಂದೆಗಳು ಇಟ್ಟ ಹೆಸರು ಚಾಪು ಎಂದು ಅವನನ್ನು ಕಂಡು ಮಾತಾಡಿದ ಡಚ್ಚರ ವರ್ತಕನೊಬ್ಬನು ಬರೆದಿರುವನು. ಬಾಲ್ಯದಲ್ಲಿಯೇ ಅವನನ್ನು ಮಾರಿದರು. ಕೆಂಪು ಸಮುದ್ರದಾಚೆಯ ಮೋಖಾ ರೇವಿನಲ್ಲಿ ಒಬ್ಬನ ಕೈಯಿಂದ ಒಬ್ಬನ ಕೈಗೆ ದಾಟಿ, ಬಾಗ್ದಾದಿನ ವರ್ತಕನೊಬ್ಬನಿಂದ ವಿದ್ಯೆಯನ್ನೂ ಅಂಬರ್ ಎಂಬ ಹೆಸರನ್ನೂ ಪಡೆದು, ಕೊನೆಗೆ ಅಹಮದ್‌ನಗರದ ನಿಜಾಮಶಾಹಿಯ ಪೇಶ್ವೆಯಾದ ಚಂಗೀಜ್‌ಖಾನನಿಗೆ ವಿಕ್ರಯವಾದನು. ಈ ಚಂಗೀಜ್‌ಖಾನನೂ ಒಂದು ಕಾಲಕ್ಕೆ ದಾಸನಾಗಿದ್ದ ಹಬಶಿಯೇ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿಯು ಅಂಬರನಿಗೆ ಬಿಡುಗಡೆಯನ್ನಿತ್ತಳು. ಆ ಬಳಿಕ ಅಂಬರನು ವಿಜಾಪುರದ ಆದಿಲಶಾಹಿಯಲ್ಲಿಯೂ ಕೆಲಕಾಲ ಚಾಕರಿಮಾಡಿ ಹೆಸರು ಪಡೆದನು.

1600ರಲ್ಲಿ ಅಹಮದ್‌ನಗರದ ಕೋಟೆಯು ಮೊಗಲರ ವಶವಾಯಿತು. ರಾಜ್ಯವು ಮುಗಿಯಿತೆಂದು ಎಲ್ಲರೂ ತಿಳಿದಿರಲು, ಅಂಬರನು ರಾಜವಂಶದ ಹುಡುಗನೊಬ್ಬನನ್ನು ಪಟ್ಟಕ್ಕೆ ಕುಳ್ಳಿರಿಸಿ, ಮರಾಠಾ ರಾವುತರನ್ನು ಕೂಡಿಸಿ, ಎದುರುನಿಂತು ಕಾದದೆ ಬೆಟ್ಟದ ಸಂದಿಗಳಲ್ಲಿ ಶತ್ರುವಿನ ಸಾಮಗ್ರಿಯನ್ನು ಕಡಿಯುವ ಯುದ್ಧವನ್ನು ಹೂಡಿದನು. ಕಾಲು ಶತಮಾನದವರೆಗೆ ಮೊಗಲರು ದಕ್ಷಿಣದಲ್ಲಿ ನೆಲೆಯೂರದಂತೆ ತಡೆದನು. 1624ರಲ್ಲಿ ಭಾತವಡಿಯ ಕಾಳಗದಲ್ಲಿ ಮೊಗಲರ ಮತ್ತು ವಿಜಾಪುರದ ಕೂಡುದಂಡನ್ನು ಮುರಿದನು. ಶಿವಾಜಿಯ ತಂದೆ ಶಹಾಜಿಯು ಆ ಯುದ್ಧದಲ್ಲಿ ಇವನ ಪಕ್ಷದಲ್ಲಿದ್ದನು. ಕೈಸಾಗದ ಜಹಾಂಗೀರ ಪಾದುಷಹನು, ಅಂಬರನ ಕಡಿದ ತಲೆಗೆ ತಾನು ಬಾಣಬಿಡುವಂತೆ ಚಿತ್ರವನ್ನು ಬರೆಯಿಸಿಕೊಂಡು ಸಮಾಧಾನ ಪಟ್ಟನು. ಆ ಚಿತ್ರವು ಈಗ ಡಬ್ಲಿನ್ ನಗರದಲ್ಲಿದೆ. ನಿಜವಾದ ತಲೆಯಾದರೋ 1626ರಲ್ಲಿ ಮುಪ್ಪಿನಿಂದ ಮಣ್ಣುಗೂಡುವವರೆಗೂ ದೇಹದ ಮೇಲೆಯೇ ಇದ್ದಿತು.

ಅಂಬರನು 1610ರಲ್ಲಿ ಕಟ್ಟಿಸಿದ ಖಡಕಿ ನಗರವೇ ಮುಂದೆ ಔರಂಗಾಬಾದ್ ಎಂದು ಹೆಸರಾಗಿ, ಈಗ ಛತ್ರಪತಿ ಸಂಭಾಜಿನಗರವೆನಿಸಿದೆ. ಅಲ್ಲಿಗೆ ನೆಲದೊಳಗಿನ ಕಾಲುವೆಗಳಿಂದ ನೀರನ್ನು ತರಿಸಿದನು. ಹೊಲಗಳನ್ನು ಅಳೆಯಿಸಿ, ಬೆಳೆಯನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದನು. ವಿಜಾಪುರದಲ್ಲಿಯೂ ಹಬಶಿಗಳು ಮೇಲೇರಿದುದುಂಟು. ಎರಡನೆಯ ಇಬ್ರಾಹೀಮನ ಎಳವೆಯಲ್ಲಿ ದಿಲಾವರಖಾನನು ರಾಜ್ಯಭಾರವನ್ನು ನಡೆಸಿದನು. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಹನ ಜತೆಯಲ್ಲಿ ಆನೆಯೇರಿದ ಇಖ್ಲಾಸಖಾನನ ಚಿತ್ರವನ್ನು ಇಂದಿಗೂ ನೋಡಬಹುದು. ನಮ್ಮ ಉತ್ತರ ಕನ್ನಡದ ಹಳಿಯಾಳ ಯಲ್ಲಾಪುರಗಳ ಕಡೆಯ ಸಿದ್ದಿ ಜನರನ್ನು ಇವರೊಡನೆ ಕಲಸಬಾರದು. ಅವರ ಪೂರ್ವಿಕರಲ್ಲಿ ಬಹುಮಂದಿ ಆಫ್ರಿಕಾದ ಮತ್ತೂ ದಕ್ಷಿಣದ ಕರಾವಳಿಯಿಂದ, ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದವರು. ಅವರಿಗೆ ಖಾನ ಪದವಿಗಳು ದೊರೆಯಲಿಲ್ಲ, ಅಡವಿಯು ಆಶ್ರಯವಾಯಿತು.

ಅಂಬರನ ಕಥೆಯನ್ನು ಹೇಳುವವರು ದಾಸನು ದೊರೆಗೆ ಸಮನಾದನೆಂದು ಹಿಗ್ಗುವುದು ಸಹಜ. ಆದರೆ ಅವನನ್ನು ಮಾರಿದವರಾರು? ಆ ದೇಶದ ಕ್ರೈಸ್ತ ಚಕ್ರವರ್ತಿಗಳ ಧರ್ಮಶಾಸ್ತ್ರವಾದ ಫೆತಾ ನೆಗೆಸ್ತ್ ಎಂಬ ಗ್ರಂಥವು ಯುದ್ಧದಲ್ಲಿ ಸೆರೆಸಿಕ್ಕ ಅನ್ಯಮತೀಯರನ್ನು ದಾಸರನ್ನಾಗಿಸಲು ಎಡೆಗೊಡುತ್ತಿದ್ದಿತು. ದಕ್ಷಿಣದ ಮತ್ತು ಗಡಿನಾಡುಗಳ ಮಕ್ಕಳನ್ನು ಹಿಡಿದು ಕರಾವಳಿಯ ವರ್ತಕರಿಗೆ ಒಪ್ಪಿಸುವ ವ್ಯಾಪಾರವು ನೂರಾರು ವರ್ಷ ನಡೆಯಿತು. ನಮ್ಮ ಮನುವು ದಾಸರಲ್ಲಿ 7 ಬಗೆಯನ್ನೂ ನಾರದನು 15 ಬಗೆಯನ್ನೂ ಎಣಿಸಿರುವುದನ್ನು ಬಲ್ಲವರು, ಆ ದೇಶವೊಂದನ್ನೇ ದೂಷಿಸಲು ನಾಲಗೆಯೆತ್ತಲಾರರು. ದೋಷವನ್ನು ದೋಷವೆಂದು ಹೇಳದೆಯೂ ಇರಲಾಗದು.

೪

19ನೆಯ ಶತಮಾನದ ಮಧ್ಯಕ್ಕೆ ಆ ದೇಶದ ಚಕ್ರವರ್ತಿಪೀಠವು ಬರಿಯ ಹೆಸರಾಗಿ, ಮಾಂಡಳಿಕರು ತಮ್ಮತಮ್ಮೊಳಗೆ ಕಾದಾಡುತ್ತಿದ್ದರು. ಕಾಸಾ ಎಂಬ ಸಾಹಸಿಯು ಅವರನ್ನು ಒಬ್ಬೊಬ್ಬರನ್ನಾಗಿ ಜಯಿಸಿ, 1855ರಲ್ಲಿ ತೆವೊದ್ರೋಸ್ ಎಂಬ ಹೆಸರಿನಿಂದ ಪಟ್ಟವೇರಿದನು. ದೇಶವನ್ನು ಒಂದುಗೂಡಿಸಬೇಕು, ಸೈನ್ಯಕ್ಕೆ ಸಂಬಳ ಕೊಡಬೇಕು, ದಾಸವ್ಯಾಪಾರವನ್ನು ನಿಲ್ಲಿಸಬೇಕು, ಫಿರಂಗಿಗಳನ್ನು ಸ್ವದೇಶದಲ್ಲಿಯೇ ಎರಕಹೊಯ್ಯಬೇಕು ಎಂಬುದಾಗಿ ಅವನ ಯೋಚನೆಗಳು ದೊಡ್ಡವು. ತಾಳ್ಮೆಯು ಮಾತ್ರ ಸಣ್ಣದು. 1862ರಲ್ಲಿ ಅವನು ವಿಕ್ಟೋರಿಯಾ ರಾಣಿಗೆ ಸ್ನೇಹವನ್ನು ಬೇಡಿ ಬರೆದ ಕಾಗದಕ್ಕೆ ಲಂಡನ್ನಿನ ಕಚೇರಿಯವರು ಉತ್ತರವನ್ನೇ ಕೊಡಲಿಲ್ಲ. ಅವಮಾನದಿಂದ ಕ್ರುದ್ಧನಾದ ದೊರೆಯು ಆಂಗ್ಲರ ಪ್ರತಿನಿಧಿಯನ್ನೂ ಇತರ ಐರೋಪ್ಯರನ್ನೂ ಸೆರೆಯಲ್ಲಿಟ್ಟನು.

ಅವರ ಬಿಡುಗಡೆಗಾಗಿ ನೇಪಿಯರ್ ಎಂಬ ಸೇನಾಪತಿಯ ಕೈಕೆಳಗೆ ದಂಡು ಹೊರಟುದು ಬೊಂಬಾಯಿಯಿಂದ. ಸುಮಾರು 13,000 ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು. ಫಿರಂಗಿಗಳನ್ನು ಹೊತ್ತ 44 ಆನೆಗಳೂ ಇಲ್ಲಿಂದಲೇ ಹಡಗೇರಿದುವು. ಬೆಂಗಳೂರನ್ನು ನೆಲೆಮಾಡಿಕೊಂಡಿದ್ದ ಮದರಾಸು ಸ್ಯಾಪರ್ಸ್ ಪಡೆಯವರೂ ಅಲ್ಲಿದ್ದರು. 1868ನೆಯ ಏಪ್ರಿಲ್ 13ರಂದು ಮಗ್ದಲಾ ದುರ್ಗವು ಬಿದ್ದಿತು. ಸೆರೆಯವರನ್ನು ಮೊದಲೇ ಬಿಟ್ಟುಕೊಟ್ಟಿದ್ದ ತೆವೊದ್ರೋಸನು ತಾನು ಸೆರೆಯಾಗಲೊಲ್ಲದೆ, ಹಿಂದೆ ರಾಣಿಯೇ ಉಡುಗೊರೆಯಾಗಿ ಕಳುಹಿಸಿದ್ದ ಪಿಸ್ತೂಲಿನಿಂದ ಪ್ರಾಣಬಿಟ್ಟನು. ಅವನು ಕೂಡಿಟ್ಟಿದ್ದ ಹಸ್ತಪ್ರತಿಗಳು ಲೂಟಿಯಾಗಿ, ನೂರಾರು ಗ್ರಂಥಗಳು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿದುವು. ಅವನ ಏಳು ವರ್ಷದ ಮಗ ಅಲೆಮಯೆಹುವನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ಅವನು 1879ರಲ್ಲಿ, 18ನೆಯ ವಯಸ್ಸಿನಲ್ಲಿ ತೀರಿಕೊಂಡು ವಿಂಡ್ಸರಿನಲ್ಲಿ ಮಣ್ಣಾದನು. ತಾನು ಸೆರೆಯಲ್ಲಿಟ್ಟವರಿಗಾಗಿ ರಾಜ್ಯವನ್ನೂ ಮಗನನ್ನೂ ತೆತ್ತ ದೊರೆ ಇವನು.

೫

ತೆವೊದ್ರೋಸನ ಸೆರೆಯಲ್ಲಿ ಬೆಳೆದ ಮತ್ತೊಬ್ಬ ಹುಡುಗನಿದ್ದನು. ಶೋವಾ ಪ್ರಾಂತದ ಈ ರಾಜಕುಮಾರನು ಸುಮಾರು 10 ವರ್ಷ ಮಗ್ದಲದಲ್ಲಿದ್ದು, 1865ರಲ್ಲಿ ತಪ್ಪಿಸಿಕೊಂಡು ಹೋಗಿ, 1889ರಲ್ಲಿ ಎರಡನೆಯ ಮೆನೆಲಿಕನೆಂಬ ಚಕ್ರವರ್ತಿಯಾದನು. ಅವನ ರಾಣಿ ತಾಯ್ತು. ಬಿಸಿನೀರಿನ ಬುಗ್ಗೆಗಳ ಬಳಿ ಮನೆಕಟ್ಟಿಸಿ, ಆ ಸ್ಥಳಕ್ಕೆ ಹೊಸ ಹೂವು ಎಂಬರ್ಥದ ಅದ್ದಿಸ್ ಅಬಾಬಾ ಎಂಬ ಹೆಸರಿಟ್ಟವಳು ಇವಳೇ. ಅದೇ ಮುಂದೆ ರಾಜಧಾನಿಯಾಯಿತು.

ಆ ವರ್ಷವೇ ಮೆನೆಲಿಕನು ಇಟಲಿಯವರೊಡನೆ ವುಚಾಲೆ ಎಂಬಲ್ಲಿ ಒಪ್ಪಂದ ಮಾಡಿಕೊಂಡನು. ಅದನ್ನು ಅಮ್ಹಾರಿಕ್ ಭಾಷೆಯಲ್ಲಿಯೂ ಇಟಾಲಿಯನ್ ಭಾಷೆಯಲ್ಲಿಯೂ ಬರೆದರು. 17ನೆಯ ವಿಧಿಯ ಅಮ್ಹಾರಿಕ್ ಪಾಠವು, ಚಕ್ರವರ್ತಿಯು ಇತರ ರಾಜ್ಯಗಳೊಡನೆ ವ್ಯವಹರಿಸುವಾಗ ಇಟಲಿಯ ನೆರವನ್ನು ಪಡೆಯಬಹುದು ಎಂದಿತು. ಇಟಾಲಿಯನ್ ಪಾಠದ ಅರ್ಥವು ಪಡೆಯತಕ್ಕದ್ದು ಎಂದಾಯಿತು. ಬಹುದು ಎಂದರೆ ಸ್ವತಂತ್ರ ರಾಜ್ಯ. ತಕ್ಕದ್ದು ಎಂದರೆ ಪರಾಧೀನ ರಾಜ್ಯ. ಕ್ರಿಯಾಪದವು ವಿಧಿಯನ್ನು ಹೇಳುವುದೋ ಅನುಜ್ಞೆಯನ್ನು ಹೇಳುವುದೋ ಎಂದು ಪಾಠಶಾಲೆಗಳಲ್ಲಿ ದಿನಗಟ್ಟಲೆ ವಾದಿಸುತ್ತಿದ್ದ ನಮ್ಮನ್ನು ಕಂಡು ನಗುತ್ತಿದ್ದವರುಂಟು. ಒಂದು ಕ್ರಿಯಾಪದದ ಮೇಲೆ ಒಂದು ದೇಶದ ಗತಿಯೇ ನಿಂತುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಇಟಲಿಯು ಇಥಿಯೋಪಿಯವು ತನ್ನ ರಕ್ಷಣೆಗೊಳಪಟ್ಟ ರಾಜ್ಯವೆಂದು ಐರೋಪ್ಯರಿಗೆ ಸಾರಿತು. ಮೋಸವನ್ನರಿತ ಮೆನೆಲಿಕನು 1893ರಲ್ಲಿ ಒಪ್ಪಂದವನ್ನು ನಿರಾಕರಿಸಿದನು. ಯಾರ ಹಂಗಿಗೂ ಒಳಗಾಗಬಾರದೆಂದು ಹಟಹಿಡಿದವರಲ್ಲಿ ತಾಯ್ತು ರಾಣಿಯು ಅಗ್ರಗಣ್ಯಳು.

ಯುದ್ಧವು ಒದಗಿತು. ಮೆಕೆಲೆಯ ಕೋಟೆಯೊಳಗಿದ್ದ ಇಟಲಿಯ ದಂಡಿಗೆ ನೀರಿನ ಸೆಲೆಯನ್ನು ಕಟ್ಟಿಹಾಕಿ ಕೋಟೆಯನ್ನು ಬಿಡಿಸಿದುದು ರಾಣಿಯ ಯುಕ್ತಿಯೆಂದು ಪ್ರಸಿದ್ಧಿ. 1896ನೆಯ ಮಾರ್ಚಿ 1ರಂದು ಅದ್ವಾ ಎಂಬಲ್ಲಿ, ಬಾರತಿಯೇರಿ ಸೇನಾಪತಿಯ 17,000ಕ್ಕೆ ಮಿಕ್ಕ ಸೈನ್ಯವು ಇರುಳಿನಲ್ಲಿ ಬೆಟ್ಟದ ದಾರಿಗಳನ್ನು ತಪ್ಪಿ ಚದರಿಹೋಗಿ, ಲಕ್ಷದಷ್ಟಿದ್ದ ಇಥಿಯೋಪಿಯರ ನಡುವೆ ಸಿಕ್ಕಿಬಿದ್ದಿತು. ಮಧ್ಯಾಹ್ನದೊಳಗೆ ಜಯಾಪಜಯವು ನಿರ್ಣಯವಾಯಿತು. ರಾಣಿಯು ತನ್ನದೇ ಪಡೆಯೊಡನೆ ರಣರಂಗದಲ್ಲಿದ್ದಳು. ಅವಳ ಕಡೆಯ ಹೆಂಗಸರು ಗಾಯಪಟ್ಟವರಿಗೆ ನೀರು ಹೊತ್ತರು. ಇಟಲಿಯಲ್ಲಿ ಮಂತ್ರಿಮಂಡಲವು ಉರುಳಿತು. ಅದೇ ಅಕ್ಟೋಬರಿನಲ್ಲಿ ಅದ್ದಿಸ್ ಅಬಾಬಾದ ಒಪ್ಪಂದದಿಂದ ಇಟಲಿಯು ಇಥಿಯೋಪಿಯದ ಸ್ವಾತಂತ್ರ್ಯವನ್ನು ಅಂಗೀಕರಿಸಿತು. ಪರಾಧೀನವಾಗಿದ್ದ ನಾಡುಗಳಲ್ಲೆಲ್ಲ ಅದ್ವಾ ಎಂಬ ಹೆಸರು ಧೈರ್ಯದ ಮಾತಾಯಿತು.

ಈ ಕೀರ್ತಿಯ ನೆರಳನ್ನೂ ಹೇಳಬೇಕು. ಸೆರೆಸಿಕ್ಕ ಇಟಲಿಯವರನ್ನು ಮೆನೆಲಿಕನು ದಯೆಯಿಂದ ನಡೆಸಿಕೊಂಡನು; ಅವರ ದಂಡಿನಲ್ಲಿ ದುಡಿಯುತ್ತಿದ್ದ ಎರಿಟ್ರಿಯದ ಸಿಪಾಯಿಗಳಾದರೋ ದ್ರೋಹಿಗಳೆನಿಸಿ, ನೂರಾರು ಮಂದಿ ಬಲಗೈಯನ್ನೂ ಎಡಗಾಲನ್ನೂ ಕಳೆದುಕೊಂಡರು. ಮೆನೆಲಿಕನ ಸೇನಾನಿಗಳು ದಕ್ಷಿಣದ ನಾಡುಗಳನ್ನು ಗೆದ್ದಾಗ ಅಲ್ಲಿಯ ಜನರು ತಮ್ಮ ಹೊಲಗಳಲ್ಲಿಯೇ ಪರರ ಒಕ್ಕಲಾದರು. ಅನೇಕರು ದಾಸರಾಗಿ ಮಾರಾಟವಾದರು. ಕಾಗದದಲ್ಲಿ ನಿಷೇಧವಿದ್ದರೂ ವ್ಯಾಪಾರವು ನಿಲ್ಲಲಿಲ್ಲ. ಪರರ ದಾಸ್ಯವನ್ನು ಒಂದು ಮುಂಜಾವದಲ್ಲಿ ಮುರಿದ ನಾಡಿಗೆ ತನ್ನ ಮನೆಯೊಳಗಿನ ದಾಸ್ಯವನ್ನು ಮುರಿಯಲು ಮತ್ತೆ 46 ವರ್ಷ ಬೇಕಾಯಿತು.

೬

ಅದನ್ನು ಮುಗಿಸಿದವನು ಹೈಲೆ ಸೆಲಾಸಿ. ಅದ್ವಾ ಯುದ್ಧದಲ್ಲಿ ಹೆಸರು ಪಡೆದ ರಾಸ್ ಮಕೊನೆನನ ಮಗನಾಗಿ 1892ರಲ್ಲಿ ಹುಟ್ಟಿದ ಇವನಿಗೆ ಮೊದಲಿನ ಹೆಸರು ತಫರಿ. 1916ರಿಂದ ರಾಜಪ್ರತಿನಿಧಿ, 1930ರಲ್ಲಿ ಚಕ್ರವರ್ತಿ. 1923ರಲ್ಲಿ ರಾಷ್ಟ್ರಸಂಘವನ್ನು ಸೇರಬೇಕಾದಾಗ ದಾಸಪದ್ಧತಿಯನ್ನು ತೊಡೆಯುವೆವೆಂದು ಮಾತುಕೊಡಬೇಕಾಯಿತು. ಮರುವರ್ಷ ಹಂತಹಂತವಾಗಿ ಬಿಡುಗಡೆ ಮಾಡುವ ಶಾಸನ ಬಂದಿತು. 1935ನೆಯ ಅಕ್ಟೋಬರಿನಲ್ಲಿ ಮುಸ್ಸೊಲಿನಿಯ ದಂಡು ದಾಳಿಯಿಟ್ಟು, ಆಕಾಶದಿಂದ ವಿಷವಾಯುವನ್ನು ಸುರಿದು ದೇಶವನ್ನು ಆಕ್ರಮಿಸಿತು. 1936ನೆಯ ಜೂನ್ 30ರಂದು ಈ ದೊರೆಯು ಜಿನೀವಾದ ಸಭೆಯಲ್ಲಿ, ಇಟಲಿಯ ಪತ್ರಕರ್ತರು ಸಿಳ್ಳುಹಾಕುತ್ತಿರಲು, ಅಮ್ಹಾರಿಕ್ ಭಾಷೆಯಲ್ಲಿ ತನ್ನ ಜನರ ದುಃಖವನ್ನು ನಿವೇದಿಸಿ, ಸಣ್ಣ ರಾಜ್ಯಗಳಿಗೆ ಕೊಟ್ಟ ವಚನಗಳಿಗೆ ಬೆಲೆಯುಂಟೆ ಎಂದು ಕೇಳಿದನು. ಸಭೆಯು ಕೈಕಟ್ಟಿ ಕುಳಿತಿತು. ಆ ವರ್ಷ ನಮ್ಮ ಕಾಂಗ್ರೆಸ್ಸಿನವರು ಅಬಿಸೀನಿಯಾ ದಿನವನ್ನಾಚರಿಸಿ ಸಹಾನುಭೂತಿಯನ್ನು ತೋರಿದರು. 1941ರಲ್ಲಿ ಭಾರತದ ಪಡೆಗಳೂ ಸೇರಿದ್ದ ಸೈನ್ಯವು ಇಟಲಿಯವರನ್ನು ಹೊರದೂಡಲು, ಮೇ 5ರಂದು ದೊರೆಯು ರಾಜಧಾನಿಯನ್ನು ಮರಳಿ ಹೊಕ್ಕನು. ಮರುವರ್ಷ, 1942ರಲ್ಲಿ, ದಾಸಪದ್ಧತಿಯು ಶಾಸನದಿಂದ ಪೂರ್ಣವಾಗಿ ರದ್ದಾಯಿತು.

ಆಮೇಲಿನ ದಶಕಗಳಲ್ಲಿ ಶಾಲೆಗಳು ಹೆಚ್ಚಿದುವು. ಭಾರತದಿಂದ, ಮುಖ್ಯವಾಗಿ ಕೇರಳದಿಂದ, ಬಹುಮಂದಿ ಉಪಾಧ್ಯಾಯರು ಅಲ್ಲಿಗೆ ಹೋಗಿ ಪಾಠಹೇಳಿದರು. 1963ರಲ್ಲಿ ಆಫ್ರಿಕಾದ ರಾಜ್ಯಗಳ ಐಕ್ಯಸಂಸ್ಥೆಯು ಅದ್ದಿಸ್ ಅಬಾಬಾದಲ್ಲಿ ಸ್ಥಾಪಿತವಾಯಿತು. ಆದರೆ ಒಕ್ಕಲಿಗನ ಹೊರೆಯು ಇಳಿಯಲಿಲ್ಲ. 1973ರಲ್ಲಿ ವೊಲ್ಲೋ ಪ್ರಾಂತದಲ್ಲಿ ಕ್ಷಾಮದಿಂದ ಜನರು ಸಾವಿರಗಟ್ಟಲೆ ಸಾಯುತ್ತಿರಲು ಸರಕಾರವು ಅದನ್ನು ಮರೆಮಾಚಿತು. ಜಿನೀವಾದಲ್ಲಿ ತನ್ನ ಜನರ ಗೋಳನ್ನು ಲೋಕಕ್ಕೆ ಕೇಳಿಸಿದ ದೊರೆಗೆ ಮನೆಯ ಬಾಗಿಲಿನ ಗೋಳು ಕೇಳಿಸಲಿಲ್ಲ. 1974ರಲ್ಲಿ ಸೈನಿಕರು ಅವನನ್ನು ಪದಚ್ಯುತಗೊಳಿಸಿದರು. ಮರುವರ್ಷ ಅವನು ಸೆರೆಯಲ್ಲಿಯೇ ಮಡಿದನು. ಅವನ ಅಸ್ಥಿಗಳಿಗೆ ಯೋಗ್ಯವಾದ ಸಂಸ್ಕಾರ ದೊರೆತುದು 2000ದಲ್ಲಿ.

೭

ಕೊನೆಯದಾಗಿ ದೊರೆಯಲ್ಲದ ಒಬ್ಬನ ಮಾತು. ಮುಸ್ಸೊಲಿನಿಯು 1937ರಲ್ಲಿ ಅಕ್ಸೂಮಿನ ಪ್ರಾಚೀನ ಶಿಲಾಸ್ತಂಭವೊಂದನ್ನು ಕಿತ್ತು ರೋಮ್ ನಗರಕ್ಕೆ ಸಾಗಿಸಿ ಜಯಸ್ತಂಭವಾಗಿ ನಿಲ್ಲಿಸಿದ್ದನು. 1960ನೆಯ ಸೆಪ್ಟೆಂಬರ್ 10ರ ಸಂಜೆ ರೋಮಿನಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟವು ನಡೆಯಿತು. ಕುರಿಕಾಯುವವನ ಮಗ, ಚಕ್ರವರ್ತಿಯ ಅಂಗರಕ್ಷಕದಳದ ಸಾಮಾನ್ಯ ಸೈನಿಕ, ಅಬೆಬೆ ಬಿಕಿಲಾ ಎಂಬವನು ಬರಿಗಾಲಿನಲ್ಲಿ ಓಡಿದನು. ಆ ಸ್ತಂಭವು ಹತ್ತಿರವಾದಾಗ ವೇಗವನ್ನು ಹೆಚ್ಚಿಸಿ, ಜತೆಯವನನ್ನು ಹಿಂದೆಬಿಟ್ಟು, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿದನು. 1964ರಲ್ಲಿ ಟೋಕಿಯೋ ನಗರದಲ್ಲಿ ಮತ್ತೊಮ್ಮೆ ಗೆದ್ದನು. 1969ರಲ್ಲಿ ಮೋಟಾರಿನ ಅಪಘಾತದಿಂದ ಕಾಲುಗಳನ್ನು ಕಳೆದುಕೊಂಡಂತಾಗಿ, 1973ರಲ್ಲಿ ತೀರಿಕೊಂಡನು. ಆ ಸ್ತಂಭವನ್ನು ಇಟಲಿಯವರು 2005ರಲ್ಲಿ ಮರಳಿ ಕಳುಹಿಸಲು, 2008ರಲ್ಲಿ ಅದು ಅಕ್ಸೂಮಿನಲ್ಲಿ ಮತ್ತೆ ನಿಂತಿತು.

ಹೀಗೆ ಸೆರೆಯಾಳಾಗಿ ಬಂದು ಗುರುವಾದವನೊಬ್ಬ; ದಾಸನಾಗಿ ಹೋಗಿ ರಾಜ್ಯವನ್ನು ಕಾದವನೊಬ್ಬ; ಸೆರೆಯಿಂದ ತಪ್ಪಿಸಿಕೊಂಡು ದೇಶವನ್ನು ಸೆರೆಯಿಂದ ತಪ್ಪಿಸಿದವನೊಬ್ಬ; ದಾಸ್ಯವನ್ನು ತೊಡೆದು ತಾನೇ ಸೆರೆಯಲ್ಲಿ ಸತ್ತವನೊಬ್ಬ. ಇವರೆಲ್ಲರ ಹೆಸರುಗಳು ಉಳಿದುವು. ಮೋಖಾದ ಸಂತೆಯಲ್ಲಿ ಅಂಬರನ ಪಕ್ಕದಲ್ಲಿ ನಿಂತಿದ್ದ ಮಕ್ಕಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಒಯ್ದ ಕಲ್ಲನ್ನು ಮರಳಿ ತರಬಹುದು. ಆ ಮಕ್ಕಳನ್ನು ತರುವ ಬಗೆಯಿಲ್ಲ. ಅದ್ವಾದ ಜಯವನ್ನು ನಮ್ಮ ಮಕ್ಕಳಿಗೆ ಹೇಳುವವರು 1942ರ ಶಾಸನವನ್ನೂ ಅದರೊಡನೆಯೇ ಹೇಳಬೇಕು. ಒಂದು ದೇಶವು ಹೊರಗಿನವರಿಂದ ಬಿಡುಗಡೆ ಹೊಂದಿದ ದಿನವನ್ನು ಹಬ್ಬವಾಗಿ ಆಚರಿಸುವುದು ಯೋಗ್ಯ. ಅದರ ಕಡೆಯ ಬಡವನೂ ಬಿಡುಗಡೆ ಹೊಂದಿದ ದಿನ ಯಾವುದೆಂದು ವಿಚಾರಿಸುವುದು ಅದಕ್ಕಿಂತ ಯೋಗ್ಯವಾದುದು. ಆ ದೇಶದ ಚರಿತ್ರೆಯನ್ನು ಓದಿದವರಿಗೆ ಈ ವಿಚಾರವು ಸ್ವದೇಶದ ವಿಷಯದಲ್ಲಿಯೂ ಹುಟ್ಟಿದರೆ ಓದಿದುದು ಸಾರ್ಥಕ.